ಆ ಗೋಡೆ ಕೆರೆಯಬೇಡಿ!

"ಕೆರೀಬೇಡಿ! ಕೈ ತೆಗೀರಿ ಅಲ್ಲಿಂದ!"

ಕೂಗು ಕೇಳಿ ಶಾಲಿನಿ ತಿರುಗುವಷ್ಟರಲ್ಲಿ ಅವಳ ಮುಂಗೈಯನ್ನು ಯಾರೋ ಹಿಡಿದಾಗಿತ್ತು. ಬ್ಲೇಡಿನ ಮೊನೆ ಗೋಡೆಗೆ ಇನ್ನೇನು ತಾಗಬೇಕಿತ್ತು.

ಅವಳು ಏಣಿಯ ಎರಡನೇ ಮೆಟ್ಟಿಲ ಮೇಲಿದ್ದಳು. ಕೆಳಗೆ ನಿಂತವನಿಗೆ ಮೂವತ್ತರ ಆಸುಪಾಸು. ಅಂಗಿಯ ತುಂಬ ಕಲ್ಲಿನ ಬಿಳಿ ಧೂಳು. ಅವನ ಕಣ್ಣಲ್ಲಿದ್ದದ್ದು ಕೋಪವಲ್ಲ... ಹೆದರಿಕೆ.

"ಮೊದ್ಲು ಕೈ ಬಿಡಿ," ಎಂದಳು ಶಾಲಿನಿ.

ಬಿಟ್ಟ.

"ಯಾರು ನೀವು?"

"ಅಶ್ವಥ್. ಈ ಮನೆಯವನು."

"ನಾನು ಶಾಲಿನಿ. ಈ ಗೋಡೆಗೆ ಚಿತ್ರ ಬರೆಯೋಕೆ ನಿಮ್ಮಪ್ಪನೇ ಕರೆಸಿದಾರೆ. ಗೋಡೆ ಮೇಲೆಲ್ಲ ಉಬ್ಬು ಇದೆ. ಕೆರೆದು ಉಜ್ಜದೆ ಬಣ್ಣ ಹೇಗೆ ಹಚ್ಚಲಿ, ನೀವೇ ಹೇಳಿ!"

"ಏನು ಬರೀತೀರಾ?"

"ಬಂಡೆ. ಕರೇಬಂಡೆ."

"ಬಂಡೆಗೆ ಉಬ್ಬು ಇದ್ರೆ ತಪ್ಪೇನು? ಇನ್ನೂ ಚೆನ್ನಾಗಿರುತ್ತೆ. ಉಜ್ಜಬೇಡಿ. ಗೋಡೆ ಹೆಂಗೈತೋ ಹಂಗೇ ಬರೀರಿ."

ಇವನಿಗೇನು ತಲೆ ಸರಿ ಇಲ್ಲವಾ? ಎಂದುಕೊಂಡಳು. ಆದರೆ ಸಲಹೆ ಕೆಟ್ಟದಾಗಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಶಾಲಿನಿಯ ಅಪ್ಪ ದೊಡ್ಡಹನುಮಯ್ಯ ಕೂಟಗಲ್ಲಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರು. ಬಣ್ಣ ಕಲಸುವ ಮುಂಚೆ ಗೋಡೆಯ ಮೇಲೆ ಕೈಯಾಡಿಸು, ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ ಎಂದು ಹೇಳಿಕೊಟ್ಟಿದ್ದರು. ಬೆಳಿಗ್ಗೆಯೇ ಅವಳು ಕೈಯಾಡಿಸಿದ್ದಳು. ಹನ್ನೊಂದು ಉಬ್ಬು. ಒಂದೊಂದೂ ಬೆರಳಿನಷ್ಟು ಉದ್ದ. ಸೂರಿನ ಮೂಲೆಯಿಂದ ನೆಲದ ಕಡೆಗೆ ಓರೆಯಾಗಿ, ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು.

ಮೇಸ್ತ್ರಿಯ ಕೈತಪ್ಪಿನಿಂದ ಆದ ಉಬ್ಬು ಇಷ್ಟು ಸಾಲಾಗಿ ಇರುವುದಿಲ್ಲ...

ಅವಳು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಸೈರನ್ ಕೂಗಿತು. ಉದ್ದನೆಯ, ಎಳೆದ ಕೂಗು. ಅಶ್ವಥ್ ಗಡಿಯಾರ ನೋಡಲಿಲ್ಲ. ಎರಡೂ ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಹಿಡಿದ.

"ಇಳೀಬೇಡಿ. ಅಲ್ಲಾಡದೆ ನಿಂತ್ಕಳಿ."

ಒಂದು... ಎರಡು... ಎಷ್ಟೋ ಕ್ಷಣ ಏನೂ ಇಲ್ಲ. ಆಮೇಲೆ ನೆಲದೊಳಗಿಂದ ಯಾರೋ ಗುದ್ದಿದ ಹಾಗೆ ಆಯಿತು. ಶೋಕೇಸಿನ ಲೋಟಗಳು ಕಿಣಿಕಿಣಿ ಎಂದವು. ಕಿಟಕಿಯಾಚೆ ಕಾಗೆಗಳೆಲ್ಲ ಒಟ್ಟಿಗೆ ಎದ್ದವು.

"ಏನದು?"

"ಕ್ವಾರೀಲಿ ಬಂಡೆ ಸಿಡಿಸ್ತಾರೆ. ದಿನಾ ಒಂದೂವರೆಗೆ," ಎಂದ ಅಶ್ವಥ್. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಗೋಡೆಯನ್ನು.

* * *

ಸಾತನೂರು ದಾಟಿ ಒಳಗೆ ಹೋದರೆ ಕರೇಬಂಡೆದೊಡ್ಡಿ. ನಲವತ್ತು ಮನೆಯ ಊರು. ಊರಿನ ತುದಿಗೆ, ಕ್ವಾರಿಗೆ ಬೆನ್ನು ಕೊಟ್ಟು ನಿಂತದ್ದು ಬೋರಲಿಂಗಯ್ಯನ ಹೊಸ ಎರಡಂತಸ್ತಿನ ಮನೆ. ಕ್ವಾರಿಯೂ ಅವನದೇ. ಹಾಲಿನ ಕಿಟಕಿಯಲ್ಲಿ ನಿಂತರೆ ಕರೇಬಂಡೆ ಕಾಣುತ್ತಿತ್ತು, ನಡುವೆ ಕುಯ್ದಿಟ್ಟ ಮುದ್ದೆಯ ಹಾಗೆ. ಅರ್ಧ ಉಂಡಾಗಿತ್ತು.

ಆ ಬಂಡೆ ಇಡಿಯಾಗಿ ಇದ್ದ ಕಾಲದ ಚಿತ್ರ ಬೇಕೆಂಬುದು ಬೋರಲಿಂಗಯ್ಯನ ಆಸೆ. ಹಾಲಿನ ದೊಡ್ಡ ಗೋಡೆಯ ತುಂಬ.

"ನಾನು ಹೈದ ಆಗಿದ್ದಾಗ ಹೆಂಗಿತ್ತೋ ಹಂಗೇ ಬರೀಬೇಕು ಕಣವ್ವ. ನೆತ್ತಿ ಮ್ಯಾಲೆ ಒಂದು ಗೋಣಿಮರ. ಕೆಳುಗ್ಡೆ ಕೆರೆ, ದನ. ಬಂದೋರು ನೋಡಿ ಮೂಗಿನ್ ಮ್ಯಾಲೆ ಬೆಟ್ಟು ಮಡಗಬೇಕು!"

"ಹದ್ದು ಬ್ಯಾಡ," ಎಂದರು ಅವನ ಹೆಂಡತಿ ಶಿವಲಿಂಗಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು. "ಮನೆ ಗ್ವಾಡೆ ಮ್ಯಾಲೆ ಹದ್ದು ಬರೀಬಾರ್ದು. ಮುಳುಗೋ ಸೂರ್ಯನೂ ಬ್ಯಾಡ. ಹುಟ್ಟೋ ಸೂರ್ಯ ಬರಿ."

"ಹುಟ್ಟೋದೋ ಮುಳುಗೋದೋ ಬಣ್ಣದಾಗೆ ಹೆಂಗೆ ಗೊತ್ತಾಯ್ತದಮ್ಮಿ?" ಬೋರಲಿಂಗಯ್ಯ ನಕ್ಕ. "ಎಲ್ಡೂ ಕೆಂಪೇಯ!"

"ದನ ನೋಡಿ ಸರ್," ಎಂದಳು ಶಾಲಿನಿ. "ದನ ಮೇಯೋಕೆ ಹೋಗ್ತಿದ್ರೆ ಹುಟ್ಟೋ ಸೂರ್ಯ. ಮನೆ ಕಡೆ ಬರ್ತಿದ್ರೆ ಮುಳುಗೋ ಸೂರ್ಯ."

"ಅಯ್! ಬುದ್ವಂತೆ ಕಣಮ್ಮಿ ನೀನು!"

ತನ್ನ ಕೆಲಸದ ಒಂದು ರೂಢಿಯನ್ನೂ ಹೇಳಿದಳು. ಯಾವ ಮನೆಗೆ ಬರೆದರೂ ಹೆಬ್ಬೆಟ್ಟಿನಷ್ಟು ಜಾಗ ಖಾಲಿ ಬಿಡುತ್ತಿದ್ದಳು. ಕೊನೆಯ ಬಣ್ಣ ಮನೆಯವರೇ ಹಾಕಬೇಕು. ಬೋರಲಿಂಗಯ್ಯನಿಗೆ ಅದು ಬಹಳ ಹಿಡಿಸಿತು.

ಶಿವಲಿಂಗಮ್ಮ ಕಾಫಿ ತಂದರು. ಗಂಡನಿಗೆ ಸ್ಟೀಲ್ ಲೋಟ. ಶಾಲಿನಿಗೆ ಪೇಪರ್ ಕಪ್.

ತನ್ನೂರು ಕೂಟಗಲ್ಲು ಎಂದಾಗ ಶಿವಲಿಂಗಮ್ಮ ಯಾವ ಬೀದಿ, ಯಾರ ಮಗಳು ಎಂದು ಕೇಳಿದ್ದರಲ್ಲ, ಶಾಲಿನಿಗೆ ಈಗ ಅರ್ಥವಾಯಿತು. ಮನೆಯ ದೊಡ್ಡ ಗೋಡೆ ಅವಳ ಕೈಗೆ ಕೊಡಬಹುದು. ಲೋಟ ಕೊಡುವಂತಿಲ್ಲ. ಹೊಸದೇನಲ್ಲ ಇದು. ಅವಳು ಕಾಫಿ ಕುಡಿದು ಕಪ್ಪನ್ನು ಮುದುರಿ ಎಸೆದಳು.

* * *

ಕನಕಪುರದ ಹಾಸ್ಟೆಲಿನಿಂದ ದಿನಾ ಎಂಟರ ಬಸ್ಸಿಗೆ ಬರುತ್ತಿದ್ದಳು. ಇಷ್ಟು ದೊಡ್ಡ ಗೋಡೆ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ಬರೆದದ್ದೆಲ್ಲ ಮಕ್ಕಳ ಕೋಣೆಯ ಮೋಡ, ಪೂಜೆಮನೆಯ ಕಮಲ, ಬೇಕರಿಯ ಕೇಕು. ಈ ಒಂದು ಗೋಡೆಯ ಫೋಟೊ ಕೈಯಲ್ಲಿದ್ದರೆ ನಾಳೆ ಯಾರ ಮನೆಗಾದರೂ ಹೋಗಿ ಕೇಳಬಹುದು.

ಕೆಲಸ ಚೆನ್ನಾಗಿ ಸಾಗಿತು. ಉಬ್ಬುಗಳ ಮೇಲೆ ಬೂದು, ಕಪ್ಪು, ಸ್ವಲ್ಪ ನೇರಳೆ ಹಚ್ಚಿದಾಗ ಅವು ನಿಜಕ್ಕೂ ಬಂಡೆಯ ಮಡಿಕೆಗಳಾದವು. ಅವನು ಹೇಳಿದ್ದು ಸರಿಯಾಗಿತ್ತು, ಹಾಳಾದವನು!

ಅಶ್ವಥ್ ಸಿವಿಲ್ ಡಿಪ್ಲೊಮಾ ಮಾಡಿಕೊಂಡು ಅಪ್ಪನ ಕ್ವಾರಿಯ ಕೆಲಸ ನೋಡಿಕೊಳ್ಳುತ್ತಿದ್ದ. ದಿನಾ ಒಂದೂ ಇಪ್ಪತ್ತೈದಕ್ಕೆ ಸರಿಯಾಗಿ ಹಾಲಿಗೆ ಬರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಏಣಿ ಹಿಡಿದು ನಿಲ್ಲುತ್ತಿದ್ದ. ಸೈರನ್, ಗುದ್ದು, ಲೋಟಗಳ ಸದ್ದು. ಆಮೇಲೆ ಹೋಗುತ್ತಿದ್ದ.

"ಕೆಲಸ ಬಿಟ್ಟು ಯಾಕೆ ಬರ್ತೀರಾ?" ಒಂದು ದಿನ ಕೇಳಿದಳು.

"ಏಣಿ ಅಲುಗುತ್ತೆ."

"ಆ ಹೊತ್ತಿಗೆ ನಾನೇ ಇಳ್ಕೊಂಡ್ರಾಯ್ತು."

"ಇಳ್ಕಳಿ." ಏಣಿಯ ಕಾಲು ಸರಿಮಾಡಿದ. "ಆದ್ರೂ ಬತ್ತೀನಿ."

ಶಾಲಿನಿ ಇಳಿಯಲಿಲ್ಲ. ಮಾರನೆಯ ದಿನವೂ ಇಳಿಯಲಿಲ್ಲ. ಒಂದೂ ಇಪ್ಪತ್ತಾದರೆ ಅವಳೇ ಏಣಿ ಹತ್ತಿ ನಿಲ್ಲತೊಡಗಿದಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳಲು ಹೋಗಲಿಲ್ಲ.

ಒಮ್ಮೆ ಗೋಣಿಮರ ಎಲ್ಲಿತ್ತು, ಎಷ್ಟೆತ್ತರ ಎಂದು ಬರೆದುಕೊಡಿ ಎಂದಾಗ ಅವನು ಒಂದು ಚೀಟಿ ಕೊಟ್ಟ. ಅಂಕಿಗಳೆಲ್ಲ ಕನ್ನಡದಲ್ಲಿದ್ದವು. ೧೨ ಅಡಿ, ೭ ಅಡಿ.

"ಏನ್ರೀ ಇದು, ಬಸ್ಸಿನ ನಂಬರ್ ಥರ!"

"ನಮ್ತಾತ ಹಂಗೇ ಕಲಿಸಿದ್ದು. ಕೈ ತಿರುಗೋದೇ ಹಂಗೆ. ನೀವು ಬರೆಯಲ್ವಾ?"

"ನನಗೆ ಏಳು ಯಾವ ಕಡೆ ತಿರುಗುತ್ತೆ ಅಂತಾನೇ ನೆನಪಿರಲ್ಲ."

ಅವನು ನಕ್ಕಿದ್ದನ್ನು ಆವತ್ತೇ ಮೊದಲು ನೋಡಿದಳು. ಸಂಜೆ ಕಾಫಿ ಬಂದಾಗ ಅವನು ಅಡುಗೆಮನೆಗೆ ಹೋಗಿ ತನ್ನ ಸ್ಟೀಲ್ ಲೋಟ ಇಟ್ಟು, ಒಂದು ಪೇಪರ್ ಕಪ್ಪಿಗೆ ಸುರಿದುಕೊಂಡು ಬಂದು ಅವಳ ಎದುರು ಕುಳಿತ.

"ಯಾಕ್ಲಾ, ಲೋಟ ಏನಾಯ್ತು?" ಒಳಗಿನಿಂದ ತಾಯಿ ಕೇಳಿದರು.

"ಕೈ ಸುಡ್ತದೆ ಕಣವ್ವ," ಎಂದ.

ಶಾಲಿನಿ ತಲೆ ತಗ್ಗಿಸಿ ಕುಂಚ ತೊಳೆಯುತ್ತಲೇ ಇದ್ದಳು. ಕುಂಚ ಆಗಲೇ ಸ್ವಚ್ಛವಾಗಿತ್ತು.

ಆದರೆ ಆ ಮನೆಯಲ್ಲಿ ಏನೋ ಸರಿಯಿರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಸೂರ್ಯನ ಬಣ್ಣ ಬದಲಾಗಿತ್ತು. ಇಡಿಯಾಗಿ ಅಲ್ಲ. ಸೂರ್ಯನ ನಡುವೆ ದಾರದಷ್ಟು ಸಣ್ಣ ಗೆರೆ, ಅವಳು ಹಚ್ಚಿದ ಕೇಸರಿಗಿಂತ ಒಂದಿಷ್ಟು ಹಳದಿ. ಮುಟ್ಟಿ ನೋಡಿದಳು. ಹಸಿ! ಬೆರಳಿಗೆ ಬಣ್ಣ ಅಂಟಿತು.

ನನಗಿಂತ ಮುಂಚೆ ಈ ಗೋಡೆ ಮುಟ್ಟಿದ್ದು ಯಾರು?

ಮಾರನೆಯ ದಿನ ಗೆರೆ ಬಂಡೆಯವರೆಗೆ ಬಂದಿತ್ತು. ಅದರ ಮಾರನೆಯ ದಿನ ಕೆರೆಯವರೆಗೆ. ಪ್ರತಿ ಸಲವೂ ಯಾರೋ ತೇಪೆ ಹಾಕಿದ್ದರು. ಬಣ್ಣ ಹೊಂದಿಸಲು ಬಾರದ ಕೈ. ಆದರೆ ಬಹಳ ಎಚ್ಚರಿಕೆಯ ಕೈ.

* * *

ಕಾರಣ ತಿಳಿದದ್ದು ಬಸ್ ಸ್ಟಾಪಿನಲ್ಲಿ.

ಸ್ಟಾಪಿಗೆ ಅಂಟಿಕೊಂಡಂತೆ ಮುನಿಯಮ್ಮನ ಮನೆ. ಒಂಟಿ ಹೆಂಗಸು, ಗೌರಿ ಎಂಬ ಒಂದು ಹಸು. ಶಾಲಿನಿ ಸಂಜೆ ಬಸ್ಸಿಗೆ ಕಾಯುವಾಗ ಮುನಿಯಮ್ಮ ಕರೆದು ನೀರು ಕೊಡುತ್ತಿದ್ದಳು, ತಾನು ಕುಡಿಯುವ ಚೊಂಬಿನಲ್ಲೇ. ಆವತ್ತು ಒಳಗೆ ಕರೆದಳು.

ಹಿಂದಿನ ಗೋಡೆಯಲ್ಲಿ ಬಿರುಕು. ಅಂಗೈ ತೂರುವಷ್ಟು. ಆಚೆ ಕೊಟ್ಟಿಗೆಯ ಹಸು ಬಿರುಕಿನಿಂದಲೇ ಕಾಣುತ್ತಿತ್ತು.

"ಸೈರನ್ ಕೂಗಿದ ಮ್ಯಾಕೆ ಒಂದು, ಎಲ್ಡು ಅಂತ ಎಣುಸ್ತೀನಿ ಮಗ. ಏಳುಕ್ಕೆ ಸರಿಯಾಗಿ ಸಿಡೀತದೆ. ಏಳು ಅಂದ್ಮೇಲೂ ಗ್ವಾಡೆ ನಿಂತಿದ್ರೆ ಇವತ್ತಿಂದು ಕಳೀತು ಅಂತ."

"ಯಾರಿಗೂ ಹೇಳಲಿಲ್ವಾ ಅಜ್ಜಿ?"

"ಹೇಳ್ದೆ ಏನು! ಇಪ್ಪತ್ಮೂರು ಮನೆಯೋರು ಅರ್ಜಿ ಕೊಟ್ಟವಿ. ಗ್ರಾಮಸಭೇಲಿ ಬೋರಲಿಂಗಣ್ಣ ಎದ್ದು ನಿಂತು ಏನಂದ ಗೊತ್ತಾ? 'ಕ್ವಾರಿಗೆ ಎಲ್ರಿಗಿಂತ ಹತ್ರ ಇರೋದು ನನ್ ಮನೆ. ಬಂದು ನೋಡ್ರಿ. ಒಂದು ಬಿರುಕು ತೋರ್ಸಿದ್ರೆ ಕ್ವಾರಿ ಮುಚ್ಚುಬುಡ್ತೀನಿ. ನಿಮ್ ಮನೆ ಸೀಳ್ತಾ ಇರೋದು ನೀವು ಸಿಮೆಂಟ್ ಕಮ್ಮಿ ಹಾಕಿರೋದ್ಕೆ.' ಹಂಗಂದ! ಮುಂದ್ಲ ಸೋಮವಾರ ಆಫೀಸರ್ಗಳು ಬತ್ತಾರಂತೆ, ಅವನ ಮನೆ ನೋಡಕೆ." ಮುನಿಯಮ್ಮ ಅವಳ ಮುಖ ನೋಡಿದಳು. "ನೀನಲ್ವಾ ಮಗ, ಅವನ ಗ್ವಾಡೆಗೆ ಬಣ್ಣ ಬಳೀತಿರೋಳು?"

ಶಾಲಿನಿ ತನ್ನ ಉಗುರಿನ ಸಂದಿಯ ಬೂದು ಬಣ್ಣ ನೋಡಿಕೊಂಡಳು.

ಇದಕ್ಕಾ?... ಬಾಲ್ಯದ ಬಂಡೆ, ಗೋಣಿಮರ, ಎಲ್ಲಾ ಇದಕ್ಕಾ? ಬಿರುಕಿಗೆ ಮೆತ್ತೋ ಪುಟ್ಟಿಯ ಡಬ್ಬಿ ಒಂದು ಬೇಕಿತ್ತು. ಅದು ನಾನು!

* * *

ಮರುದಿನ ಒಂದೂ ಇಪ್ಪತ್ತೈದಕ್ಕೆ ಅಶ್ವಥ್ ಬಂದಾಗ ಅವಳು ಏಣಿಯ ಮೇಲಿರಲಿಲ್ಲ. ಗೋಡೆಯ ಮುಂದೆ ಕೈಕಟ್ಟಿ ನಿಂತಿದ್ದಳು.

"ಬೆಳಿಗ್ಗೆ ತೇಪೆ ಹಾಕ್ತಿರೋದು ನೀವೇ ತಾನೇ?"

ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿದ. "ಮೆಲ್ಲಗೆ ಮಾತಾಡಿ."

"ಹೌದೋ ಅಲ್ವೋ?"

"ಹೌದು."

"ಗೋಡೆ ಸೀಳ್ತಿರೋದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮುನಿಯಮ್ಮನ ಮನೆ ನೋಡಿದೀರಾ?"

ಅವನ ಕಣ್ಣು ಗೋಡೆಯ ಕಡೆ ಹೋಯಿತು.

"ನನಗೆ ಮೊದಲ ದಿನಾನೇ ಹೇಳಬಹುದಿತ್ತಲ್ಲ! ಏಣಿ ಹಿಡಿದ್ರಿ, ಪೇಪರ್ ಕಪ್ಪಲ್ಲಿ ಕಾಫಿ ಕುಡಿದ್ರಿ... ಛೆ! ನಾನು ಏನೇನೋ ಅಂದ್ಕೊಂಡೆ."

"ಶಾಲಿನಿ... ಚಿತ್ರ ಮುಗಿಸಿ. ದಯವಿಟ್ಟು. ಕೆರೀಬೇಡಿ, ಬಿಟ್ಟೂ ಹೋಗ್ಬೇಡಿ. ಇನ್ನೊಂದು ಬಿರುಕು ಅಪ್ಪನ ಕಣ್ಣಿಗೆ ಬಿದ್ರೆ ಗೋಡೆ ಸಿಮೆಂಟೆಲ್ಲ ಕಿತ್ತಾಕಿ ಹೊಸದಾಗಿ ಬಳಿಸ್ತಾರೆ."

"ಬಳಿಸಲಿ! ನಿಮಗೇನು ಕಷ್ಟ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಗೇಟಿನಲ್ಲಿ ಬೋರಲಿಂಗಯ್ಯನ ಜೀಪಿನ ಸದ್ದಾಯಿತು. ಅಶ್ವಥ್ ಬಾಯಿ ಮುಚ್ಚಿಕೊಂಡ.

ಅಷ್ಟೇ. ಅಪ್ಪನ ಜೀಪಿನ ಸದ್ದಿಗೆ ಮುಚ್ಚುವ ಬಾಯಿ.

"ಹೇಡಿ," ಎಂದಳು ಶಾಲಿನಿ. ಜೋರಾಗಿ ಅಲ್ಲ. ಆದರೆ ಅವನಿಗೆ ಕೇಳಿಸಿತು.

ಸೈರನ್ ಕೂಗಿತು. ಆವತ್ತಿನ ಗುದ್ದು ದಿನದ ಗುದ್ದಿನಂತಿರಲಿಲ್ಲ. ಶೋಕೇಸಿನಿಂದ ಒಂದು ಲೋಟ ಕೆಳಗೆ ಬಿದ್ದು ಒಡೆಯಿತು. ಆಮೇಲೆ ಊರ ಕಡೆಯಿಂದ ಹೆಂಗಸರ ಕೂಗು...

ಇಬ್ಬರೂ ಓಡಿದರು.

ಮುನಿಯಮ್ಮನ ಹಿಂದಿನ ಗೋಡೆ ಪೂರ್ತಿ ಕೊಟ್ಟಿಗೆಯ ಮೇಲೆ ಮಲಗಿತ್ತು. ಮುನಿಯಮ್ಮ ಅಂಗಳದಲ್ಲಿ ಕುಳಿತಿದ್ದಳು, ಮೈಯೆಲ್ಲ ಮಣ್ಣು. ಪೆಟ್ಟಾಗಿರಲಿಲ್ಲ. ಇಟ್ಟಿಗೆಯ ಕೆಳಗಿನಿಂದ ಹಸುವಿನ ಒಂದು ಕಾಲು ಮಾತ್ರ ಕಾಣುತ್ತಿತ್ತು.

"ಆರು ಅನ್ನೋಗಂಟ ಎಣಿಸಿದ್ದೆ," ಎಂದಳು ಮುನಿಯಮ್ಮ. ಯಾರಿಗೂ ಅಲ್ಲ. "ಏಳು ಅನ್ನಕೆ ಬುಡಲಿಲ್ಲ. ಗೌರೀ ಹಗ್ಗ ಬಿಚ್ಚಿದ್ರೆ ಆಗ್ತಿತ್ತು..."

ಅಶ್ವಥ್ ಇಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಿದ್ದ. ಹಸು ಸತ್ತಿದೆ ಎಂದು ಯಾರೋ ಹೇಳಿದ ಮೇಲೂ ಎತ್ತುತ್ತಲೇ ಇದ್ದ.

* * *

ಶಾಲಿನಿ ಬ್ರಷ್ಷು, ಡಬ್ಬಿ ಕಟ್ಟಿಕೊಂಡು ಹೊರಡಲು ವಾಪಸ್ ಬಂದಳು. ಹಾಲಿನಲ್ಲಿ ಯಾರೂ ಇರಲಿಲ್ಲ.

ಗೋಡೆ ನೋಡಿದಳು. ಅವಳು ಈವರೆಗೆ ಬರೆದುದರಲ್ಲೆಲ್ಲ ಒಳ್ಳೆಯ ಕೆಲಸ. ಬಂಡೆಯ ಮೇಲೆ ಬೆಳಗಿನ ಬಿಸಿಲು, ಗೋಣಿಮರ, ಮೇಯಲು ಹೊರಟ ದನ. ಬಿರುಕು ಮತ್ತೆ ಬಿಟ್ಟಿತ್ತು. ಸೂರ್ಯನಿಂದ ಕೆರೆಯವರೆಗೆ ಓರೆಯಾಗಿ.

ಓರೆಯಾಗಿ... ಉಬ್ಬುಗಳ ಸಾಲಿನ ಹಾಗೆಯೇ!

ಅವಳು ಸೋಫಾ ಸರಿಸಿ, ನೆಲದ ಹತ್ತಿರ, ಯಾರಿಗೂ ಕಾಣದ ಕೊನೆಯ ಉಬ್ಬಿಗೆ ಬ್ಲೇಡು ತಾಗಿಸಿದಳು. ಬಣ್ಣ, ಪುಟ್ಟಿ ಸಿಪ್ಪೆಯಂತೆ ಎದ್ದು ಬಂತು.

ಒಳಗೆ ಗಾಜು.

ಬೆರಳಗಲದ ಗಾಜಿನ ಪಟ್ಟಿ. ಬಿರುಕಿಗೆ ಅಡ್ಡವಾಗಿ ಅಂಟಿಸಿದ್ದು. ನಡುವೆ ಎರಡಾಗಿ ಒಡೆದಿತ್ತು. ಮೇಲೆ ಟೇಪು, ಟೇಪಿನ ಕೆಳಗೆ ಮಾರ್ಕರಿನ ಅಕ್ಷರ:

ಅಂಟಿಸಿದ್ದು ೧೪-೮. ಒಡೆದದ್ದು ೧೭-೮.

ಆ ಅಂಕಿ ಅವಳಿಗೆ ಗೊತ್ತು. ಗೋಣಿಮರದ ಚೀಟಿ ಇನ್ನೂ ಅವಳ ಬ್ಯಾಗಿನಲ್ಲಿತ್ತು.

ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಗಾಜು ಹಿಗ್ಗುವುದಿಲ್ಲ. ಗೋಡೆ ಕೂದಲಿನಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಗೋಡೆ ಅಲುಗುತ್ತಿದೆಯೇ ಎಂದು ತಿಳಿಯಲು ಎಂಜಿನಿಯರುಗಳು ಹೀಗೆ ಅಂಟಿಸುತ್ತಾರೆಂದು ಅಪ್ಪ ಹಿಂದೆ ಯಾವುದೋ ಶಾಲೆಯ ಗೋಡೆಯಲ್ಲಿ ತೋರಿಸಿದ್ದರು. ಇಲ್ಲಿ ಹನ್ನೊಂದಿವೆ. ಒಡೆದಂತೆಲ್ಲ ಪಕ್ಕಕ್ಕೊಂದು ಹೊಸದು. ತಿಂಗಳುಗಟ್ಟಲೆ, ದಿನಾಂಕ ಹಾಕಿ.

ಹಾಗಾದರೆ ಅವನು ಬಿರುಕು ಮುಚ್ಚುತ್ತಿರಲಿಲ್ಲ... ಸಾಕ್ಷಿಯನ್ನು ಕಾಯುತ್ತಿದ್ದ!

ಸಿಮೆಂಟು ಕಿತ್ತರೆ ಈ ಗಾಜುಗಳೂ ಹೋಗುತ್ತವೆ. ಅದಕ್ಕೇ ತೇಪೆ. ಅದಕ್ಕೇ 'ಕೆರೀಬೇಡಿ.'

ಅವಳ ಕಣ್ಣು ತುಂಬಿತು. ಜೊತೆಗೇ ಸಿಟ್ಟೂ ಬಂತು. ಕಾದಿಟ್ಟು ಏನು ಮಾಡಿದ? ಆಗಸ್ಟಿನಿಂದ ಎಂಟು ತಿಂಗಳು ಸತ್ಯವನ್ನು ಪುಟ್ಟಿಯ ಕೆಳಗೆ ಇಟ್ಟುಕೊಂಡು ಕೂತ. ಆ ಕಡೆ ಗೌರಿ ಸತ್ತಿತು. ಮುನಿಯಮ್ಮ ಉಳಿದದ್ದು ಅದೃಷ್ಟದಿಂದ. ಗೋಡೆಯೊಳಗೆ ಇರುವ ಸಾಕ್ಷಿಯಿಂದ ಯಾರಿಗೆ ಏನು ಪ್ರಯೋಜನ?

ಬ್ಲೇಡು ಎತ್ತಿದಳು. ಈಗಲೇ ಎಲ್ಲ ಕೆರೆದುಬಿಡಲೇ?

ಇಲ್ಲ. ಈಗ ಕೆರೆದರೆ ನೋಡುವವರು ಯಾರು? ನಾಳೆ ಬೆಳಿಗ್ಗೆ ಹೊಸ ಸಿಮೆಂಟು ಬಳಿದಾಗಿರುತ್ತದೆ.

ಆ ಗಾಜಿನ ಮೇಲೆ ಮತ್ತೆ ಪುಟ್ಟಿ ಹಚ್ಚಿದಳು. ಬಂಡೆಯ ಬೂದು ಹಚ್ಚಿದಳು. ಸೂರ್ಯನಿಂದ ಕೆರೆಯವರೆಗಿನ ಬಿರುಕನ್ನೂ ತಾನೇ ತುಂಬಿದಳು, ಯಾವ ಕಣ್ಣಿಗೂ ಗೊತ್ತಾಗದ ಹಾಗೆ.

ಅಶ್ವಥನಿಗೆ ಒಂದು ಮಾತೂ ಹೇಳಲಿಲ್ಲ. ಸೋಮವಾರ ಆಫೀಸರುಗಳ ಮುಂದೆ ಅವನೇ ಬಾಯಿ ಬಿಡುತ್ತಾನಾ ನೋಡಬೇಕಿತ್ತು. ಬಿಟ್ಟರೆ ಸರಿ. ಬಿಡದಿದ್ದರೆ... ಅಂಥವನನ್ನು ಮನಸ್ಸಿನಿಂದ ಕೆರೆದು ಹಾಕಲೂ ಅವಳಿಗೆ ಬರುತ್ತಿತ್ತು.

* * *

ಸೋಮವಾರದವರೆಗೆ ಕ್ವಾರಿಯಲ್ಲಿ ಒಂದು ಪಟಾಕಿಯಷ್ಟೂ ಸದ್ದಾಗಲಿಲ್ಲ. ಆ ಮೌನ ಸೈರನ್ನಿಗಿಂತ ಕೆಟ್ಟದಾಗಿತ್ತು.

ಗಣಿ ಇಲಾಖೆಯ ಮೇಡಂ ಒಬ್ಬರು, ತಾಲ್ಲೂಕು ಆಫೀಸಿನವರು ಇಬ್ಬರು. ಜಗುಲಿಯ ಮೇಲೆ ಊರಿನವರು. ಮುನಿಯಮ್ಮ ಕಂಬಕ್ಕೊರಗಿ ನಿಂತಿದ್ದಳು. ಹಾಲಿನೊಳಗೆ ಕಾಲಿಟ್ಟ ಮೇಡಂ ಗೋಡೆ ನೋಡಿ ಕ್ಷಣಹೊತ್ತು ಬಂದ ಕೆಲಸ ಮರೆತರು.

"ತುಂಬಾ ಚೆನ್ನಾಗಿದೆ. ಯಾರು ಮಾಡಿದ್ದು?"

"ಈ ಹುಡುಗಿ ಕಣ್ ಮೇಡಮ್ಮೋರೆ!" ಬೋರಲಿಂಗಯ್ಯ ಶಾಲಿನಿಯನ್ನು ಮುಂದಕ್ಕೆ ಕರೆದ. "ನೀವೇ ನೋಡಿ, ನನ್ ಮನೆಯಿಂದ ಕ್ವಾರಿಗೆ ಮುನ್ನೂರು ಅಡಿ. ಗ್ವಾಡೆ ಮ್ಯಾಲೆ ಕೂದ್ಲೆಳೆಯಷ್ಟು ಗೆರೆ ಐತಾ?"

ಮೇಡಂ ಹತ್ತಿರ ಹೋಗಿ ನೋಡಿದರು. ಇರಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಳ್ಳತೊಡಗಿದರು.

ಶಾಲಿನಿ ಅಶ್ವಥನ ಕಡೆ ನೋಡಿದಳು. ಅವನು ಬಾಗಿಲ ಬಳಿ ನಿಂತಿದ್ದ. ಒಂದು ಹೆಜ್ಜೆ ಮುಂದಿಟ್ಟ... ಅಪ್ಪ ತಿರುಗಿ ನೋಡಿದ. ಹೆಜ್ಜೆ ನಿಂತಿತು.

ಮಾತಾಡಪ್ಪಾ... ಈಗಲಾದರೂ!

"ಕೊನೇ ಬಣ್ಣ ನಾನಾಕ್ಬೇಕು ಅಂದಿದ್ದೆಯಲ್ಲವ್ವ," ಎಂದ ಬೋರಲಿಂಗಯ್ಯ ಖುಷಿಯಲ್ಲಿ. ಸೂರ್ಯನ ಪಕ್ಕ ಹೆಬ್ಬೆಟ್ಟಿನಷ್ಟು ಜಾಗ ಇನ್ನೂ ಬಿಳಿಯಾಗಿತ್ತು. "ಎಲ್ರ ಮುಂದೇನೇ ಆಗ್ಲಿ. ತತ್ತಾ ಬ್ರಷ್ಷು."

ಶಾಲಿನಿ ಬ್ಯಾಗಿಗೆ ಕೈ ಹಾಕಿದಳು. ತೆಗೆದದ್ದು ಬ್ರಷ್ಷಲ್ಲ. ಬ್ಲೇಡು.

"ಈ ಸಲ ಕೊನೇ ಕೈ ನಂದೇ ಸರ್."

ಸೂರ್ಯನ ಮೇಲಿಂದ ಕೆಳಕ್ಕೆ ಎಳೆದಳು. ಕರ್ರ್ ಎಂದು ಬಣ್ಣ ಸುಲಿದು ಬಂತು. ಸೂರ್ಯ ಹೋಯಿತು. ಗೋಣಿಮರ ಹೋಯಿತು. ಇಪ್ಪತ್ತೆರಡು ದಿನದ ಕೆಲಸ ಅವಳ ಪಾದದ ಮೇಲೆ ಪುಡಿಪುಡಿಯಾಗಿ ಉದುರಿತು. ಅವಳು ನಿಲ್ಲಿಸಲಿಲ್ಲ.

"ಏಯ್! ಏನ್ ಮಾಡ್ತಿದೀಯೇ? ಹುಚ್ ಗಿಚ್ ಹಿಡೀತಾ?"

ಮೊದಲ ಗಾಜು ಕಂಡಿತು. ಎರಡನೆಯದು. ಮೂರನೆಯದು. ಎಲ್ಲದರ ನಡುವೆ ಒಂದೇ ಓರೆ ಬಿರುಕು, ನಗುವ ಬಾಯಿಯ ಹಾಗೆ.

ಮೇಡಂ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. "ಗಾಜು ಅಂಟಿಸಿದಾರೆ. ದಿನಾಂಕ ಕೂಡ ಇದೆ!"

"ಅವಳೇ ಮಡಗಿರೋದು!" ಬೋರಲಿಂಗಯ್ಯ ಗುಡುಗಿದ. "ಊರೋರ ಜೊತೆ ಸೇರ್ಕಂಡು ಇವಳೇ ಸೇರಿಸವ್ಳೆ ಮೇಡಮ್ಮೋರೆ! ಎಲ್ಲಿಂದಲೋ ಬಂದೋಳು. ಇವಳ್ನ ಒಳೀಕ್ ಬುಟ್ಟಿದ್ದೇ ತಪ್ಪು. ಪೊಲೀಸ್ನೋರ್ನ ಕರೀರ್ಲಾ!"

ಮೇಡಂ ಶಾಲಿನಿಯ ಮುಖ ನೋಡಿದರು. "ಇದನ್ನ ಹಾಕಿದ್ದು ಯಾರಮ್ಮ?"

ಅದು ಶಾಲಿನಿ ಕೊಡಬೇಕಾದ ಉತ್ತರವಾಗಿರಲಿಲ್ಲ. ಮನಸ್ಸಿನಲ್ಲೇ ಎಣಿಸಿದಳು.

ಒಂದು... ಎರಡು... ಮೂರು...

ಗೋಡೆಯಿಂದ ಬಣ್ಣದ ಚೂರೊಂದು ಉದುರಿತು.

ನಾಲ್ಕು... ಐದು...

ಆರು...

"ನಾನು."

ಅಶ್ವಥ್ ಮುಂದೆ ಬಂದಿದ್ದ. ದನಿ ಒಡೆದಿತ್ತು. ಆದರೆ ನಿಲ್ಲಲಿಲ್ಲ.

"ನಾನೇ ಹಾಕಿದ್ದು ಮೇಡಂ. ಬರವಣಿಗೆ ನಂದು, ಬೇಕಿದ್ರೆ ಈಗಲೇ ಬರೆದು ತೋರಿಸ್ತೀನಿ. ಒಟ್ಟು ಹನ್ನೊಂದು. ಒಂಬತ್ತು ಒಡೆದಿವೆ. ಪ್ರತಿಯೊಂದೂ ಬ್ಲಾಸ್ಟ್ ಆದ ದಿನಾನೇ. ಕಿತ್ತಾಕು ಅಂದಿದ್ರು ಅಪ್ಪ. ಕೀಳಲಿಲ್ಲ, ಪುಟ್ಟಿ ಬಳಿದೆ. ಎಂಟು ತಿಂಗಳು ಬಾಯಿ ಮುಚ್ಕೊಂಡಿದ್ದೆ." ಅವನು ಜಗುಲಿಯ ಕಡೆ ತಿರುಗಿದ. "ಮುನಿಯಮ್ಮಜ್ಜಿ, ಗೌರಿ ಸತ್ತಿದ್ದು ನನ್ನಿಂದ."

ಬೋರಲಿಂಗಯ್ಯ ಮಗನ ಕೆನ್ನೆಗೆ ಹೊಡೆದ ಸದ್ದು ಜಗುಲಿಯವರೆಗೂ ಕೇಳಿತು.

"ಹೊಡೀರಿ," ಎಂದರು ಶಿವಲಿಂಗಮ್ಮ ಅಡುಗೆಮನೆ ಬಾಗಿಲಿನಿಂದ. "ನನ್ಗೂ ಹೊಡೀರಿ. ಅವನು ಅಂಟಿಸೋದ್ನ ಮೊದ್ಲಿಂದ ಕಂಡಿದ್ದೆ ನಾನು."

* * *

ತನಿಖೆ ಮುಗಿಯುವವರೆಗೆ ಕ್ವಾರಿ ನಿಲ್ಲಿಸಬೇಕೆಂದು ಆದೇಶ ಬಂತು. ಮುಗಿದ ಮೇಲೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಬೋರಲಿಂಗಯ್ಯ ವಕೀಲರನ್ನು ಇಟ್ಟಿದ್ದ. ಅರ್ಧ ಉಂಡ ಬಂಡೆ ಊರಿನ ನೆತ್ತಿಯ ಮೇಲೆ ಹಾಗೇ ನಿಂತಿತ್ತು.

ಅಶ್ವಥ್ ಮನೆ ಬಿಟ್ಟು ಸಾತನೂರಿನಲ್ಲಿ ರೂಮು ಮಾಡಿದ. ಅವನ ಅವ್ವ ಬಸ್ಸಿನ ಕಂಡಕ್ಟರ ಕೈಯಲ್ಲಿ ಹುರುಳಿಕಾಳು ಸಾರು ಕಳಿಸುತ್ತಿದ್ದರು. ಅಪ್ಪನಿಂದ ಮಾತಿಲ್ಲ.

ಶಾಲಿನಿಯ ಕೈಯಲ್ಲಿ ಆ ಗೋಡೆಯ ಒಂದು ಫೋಟೊ ಕೂಡ ಇರಲಿಲ್ಲ. ಕೊನೆಯ ಬಣ್ಣ ಹಾಕಿದ ಮೇಲೆ ತೆಗೆಯೋಣ ಎಂದುಕೊಂಡಿದ್ದಳು.

ಎರಡು ತಿಂಗಳು ಇಬ್ಬರೂ ಭೇಟಿಯಾಗಲಿಲ್ಲ. ಅವನು ಫೋನು ಮಾಡಲಿಲ್ಲ, ಅವಳೂ ಮಾಡಲಿಲ್ಲ. ಆಮೇಲೆ ಒಂದು ದಿನ ಮುನಿಯಮ್ಮನ ಫೋನು.

"ಗ್ವಾಡೆ ಎದ್ದೈತೆ ಮಗ. ಆ ಹೈದ ಒಬ್ಬನೇ ನಿಂತು ಕಟ್ಟುಸ್ದ. ನೀನೊಸಿ ಬಂದು ನಮ್ ಗೌರೀನ ಬರ್ಕೊಡು."

ಹೊಸ ಗೋಡೆಗೆ ಸುಣ್ಣ ಹೊಡೆದಾಗಿತ್ತು. ಶಾಲಿನಿ ಬೆಳಿಗ್ಗೆಯೇ ಶುರು ಮಾಡಿದಳು. ಕಪ್ಪು ಹಸು, ಹಣೆಯ ಮೇಲೆ ಬಿಳಿ ಮಚ್ಚೆ.

"ಹೋಗಂಗೆ ಬರೀಬ್ಯಾಡ ಕಣವ್ವ," ಎಂದಳು ಮುನಿಯಮ್ಮ. "ಮನೀಗ್ ವಾಪಸ್ ಬರಂಗೆ ಬರಿ."

"ಹಾಗಾದ್ರೆ ಮುಳುಗೋ ಸೂರ್ಯ ಆಗುತ್ತೆ ಅಜ್ಜಿ. ಆಗಬಹುದಾ?"

"ಮುಳುಗ್ಲಿ ಬುಡು. ಹಸ ಮನೆ ಸೇರೋ ಹೊತ್ತು ಅದೇಯ."

ಶಾಲಿನಿ ಏಣಿಯ ಮೇಲಿಂದ ಸೂರ್ಯನಿಗೆ ಕೆಂಪು ತುಂಬುತ್ತಿದ್ದಾಗ ಹಿಂದೆ ಹೆಜ್ಜೆಯ ಸದ್ದಾಯಿತು. ಅವಳು ತಿರುಗಲಿಲ್ಲ. ಗೊತ್ತಿತ್ತು.

ಅಶ್ವಥನ ಕೈಯಲ್ಲಿ ಒಂದು ಗಾಜಿನ ಪಟ್ಟಿ, ಅಂಟು, ಮಾರ್ಕರು. ಹಳೇ ಗೋಡೆ, ಹೊಸ ಗೋಡೆ ಸೇರುವ ಕಡೆ ಅದನ್ನು ಅಂಟಿಸಿ ಹಿಂದೆ ಸರಿದ.

"ಹೇಡಿ ಅಂದ್ರಲ್ಲ ಆವತ್ತು," ಎಂದ. "ಸರಿಯಾಗೇ ಅಂದ್ರಿ."

"ಗೊತ್ತು."

"ಮುಚ್ಚಿಡೋದು ನಂಗೆ ಅಭ್ಯಾಸ ಆಗೋಗಿತ್ತು. ಒಂದು ವಿಷಯ ಇನ್ನೂ ಮುಚ್ಚಿಟ್ಟಿದೀನಿ. ಅದನ್ನೂ ಹೇಳ್ಬಿಡ್ತೀನಿ..." ಮಾರ್ಕರಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ನಾನು ಬರೋ ಹೊತ್ತಿಗೆ ಸರಿಯಾಗಿ ನೀವು ಏಣಿ ಮೇಲಿರ್ತಿದ್ರಲ್ಲ, ನಾನೂ ಗಡಿಯಾರ ನೋಡ್ಕೊಂಡೇ ಬರ್ತಿದ್ದೆ. ಸೈರನ್‌ಗಲ್ಲ. ನಿಮಗೆ. ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ ಶಾಲಿನಿ."

ಅವಳು ಬ್ರಷ್ಷನ್ನು ಡಬ್ಬಿಯ ಮೇಲಿಟ್ಟಳು. "ನಿಮ್ಮ ಮನೇಲಿ ಒಪ್ತಾರಾ?"

"ಇಲ್ಲ."

"ನಮ್ಮ ಮನೇಲೂ ಸುಲಭ ಇಲ್ಲ. ನಿಮ್ಮಪ್ಪ ನನ್ನ ಬಗ್ಗೆ ಆಡಿದ ಮಾತು ಅಪ್ಪನ ಕಿವಿಗೆ ಬಿದ್ದಿದೆ."

"ಬಂದು ಅವರ ಮುಂದೆ ನಿಲ್ತೀನಿ. ಏನು ಕೇಳಿದ್ರೂ ಮುಚ್ಚಿಡದೆ ಹೇಳ್ತೀನಿ."

"ಮುಂದೆ ಏನಾದ್ರೂ ಸೀಳು ಬಿಟ್ರೆ?"

"ಬಿಟ್ಟ ದಿನಾನೇ ಹೇಳ್ತೀನಿ. ತೇಪೆ ಹಾಕಲ್ಲ."

ಶಾಲಿನಿ ಕೈ ಚಾಚಿದಳು. "ಮಾರ್ಕರು ಕೊಡಿ."

ಏಣಿಯ ಮೇಲಿಂದಲೇ ಬಗ್ಗಿ ಗಾಜಿನ ಮೇಲೆ ಬರೆದಳು. ಅಂಟಿಸಿದ್ದು ೧೨-೭. ಏಳು ಒಂದಿಷ್ಟು ಮುಗ್ಗರಿಸಿತ್ತು.

ಅಶ್ವಥ್ ಅದನ್ನೇ ನೋಡುತ್ತಾ ನಿಂತ. ಕಣ್ಣು ಒದ್ದೆಯಾಗಿತ್ತು.

"ಏಳು ಉಲ್ಟಾ ಆಗಿದೆಯಾ?" ಕೇಳಿದಳು.

"ಇಲ್ಲ. ಸರಿಯಾಗೈತೆ."

ಮುನಿಯಮ್ಮ ಎರಡು ಸ್ಟೀಲ್ ಲೋಟದಲ್ಲಿ ಕಾಫಿ ತಂದವಳು ಹೊಸಿಲಲ್ಲೇ ನಿಂತುಬಿಟ್ಟಳು. ಹೊತ್ತು ಒಂದೂವರೆ. ಅಭ್ಯಾಸ. ಇಡೀ ಊರಿನಲ್ಲಿ ಆ ಹೊತ್ತಿಗೆ ಈಗಲೂ ಎಲ್ಲರೂ ಕೈಯಲ್ಲಿದ್ದುದನ್ನು ಹಿಡಿದು ಒಂದು ಕ್ಷಣ ಕಾಯುತ್ತಿದ್ದರು.

ಅಶ್ವಥನ ಎರಡೂ ಕೈ ತಾವಾಗಿಯೇ ಏಣಿಗೆ ಹೋಗಿದ್ದವು.

ಒಂದು... ಎರಡು... ಏಳು. ಎಂಟು. ಏನೂ ಆಗಲಿಲ್ಲ. ಗಾಜು ಇಡಿಯಾಗಿತ್ತು.

"ಇವತ್ತು ಇಲ್ಲ," ಎಂದ ಅವನು, ಕೈ ತೆಗೆಯಲು ಹೋಗುತ್ತಾ.

ಶಾಲಿನಿ ಕೆಳಗೆ ಬಗ್ಗಿ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಕೆಂಪು ಬಣ್ಣ ಅವನ ಬೆರಳಿಗೂ ಅಂಟಿತು.

"ಬಿಡಬೇಡಿ," ಎಂದಳು.